ಅಪ್‌ಡೇಟ್: ಪಂಕ್ತಿಯಲ್ಲೇ ಇನ್ಸುಲಿನ್ ತಗೊಂಡೆ

ಮದುವೆ ಊಟಕ್ಕೆ ಕೂತಾಗ ಎಲ್ಲರೆದುರು ಇನ್ಸುಲಿನ್ ಚುಚ್ಚಿಕೊಳ್ಳಬಹುದಾ, ಬಾತ್‌ರೂಮಿಗೇ ಹೋಗಬೇಕಾ ಅಂತ ಕೇಳಿದ್ದೆ. "ಪಕ್ಕದವರಿಗೆ ಒಂದು ಮಾತು ಹೇಳಿ ಕೂತಲ್ಲೇ ತಗೊಳ್ಳಿ" ಅಂದವರೇ ಜಾಸ್ತಿ. ಹಾಗೇ ಮಾಡಿದೆ, ಎಲ್ಲರಿಗೂ ಥ್ಯಾಂಕ್ಸ್.

ಬಸವನಗುಡಿಯ ಛತ್ರ. ಎಲೆಗೆ ಉಪ್ಪು, ಕೋಸಂಬರಿ, ಪಲ್ಯ ಬಂದು, ಅನ್ನದ ಪಾತ್ರೆ ನಮ್ಮ ಸಾಲಿಗೆ ತಿರುಗಿದ ಮೇಲೆ ಇನ್ಸುಲಿನ್ ಪೆನ್ (ಸೂಜಿ ಸಿಕ್ಕಿಸಿ ಚುಚ್ಚಿಕೊಳ್ಳೋ ಸಾಧನ) ತೆಗೆದೆ. ನನ್ನದು ಬೇಗ ಕೆಲಸ ಮಾಡೋ ಇನ್ಸುಲಿನ್. ಮನೇಲೇ ತಗೊಂಡು ಹೊರಟು, ಊಟ ತಡವಾದರೆ ಶುಗರ್ ಇಳಿದು ಕೈ ನಡುಗುತ್ತೆ. "ಸೂಜಿ ತಗೋತೀನಿ ಅತ್ತೆ, ಕಷ್ಟ ಅನ್ಸಿದ್ರೆ ಆ ಕಡೆ ನೋಡಿ" ಅಂದೆ. ಸೆರಗಿನ ಮರೆಯಲ್ಲಿ 4 ಮಿಲಿಮೀಟರ್ ಸೂಜಿ ಹೊಟ್ಟೆಗೆ ಚುಚ್ಚಿ, ಹತ್ತು ಎಣಿಸಿ ತೆಗೆದೆ. ಅತ್ತೆ ನೋಡ್ತಾನೇ ಇದ್ರು. "ಇಷ್ಟೇನಾ? ಡಾಕ್ಟರ್ ಹೇಳಿದ್ರೂ ಇದಕ್ಕೇ ಹೆದರಿ ಮುಂದೂಡ್ತಿದ್ದೀನಿ ಕಣೇ" ಅಂದ್ರು. ಮಾರನೇ ದಿನ ಅವರೇ ಫೋನ್ ಮಾಡಿ ಪೆನ್ ಬಗ್ಗೆ ವಿಚಾರಿಸಿದ್ರು. ನನಗೆ ಅದೇ ದೊಡ್ಡ ಸಮಾಧಾನ.

ಎದುರು ಸಾಲಿನ ಒಬ್ಬರು ಮುಖ ಸಿಂಡರಿಸಿದ್ದು ನಿಜ. ಆದ್ರೂ ಒದ್ದೆ ಬಾತ್‌ರೂಮಲ್ಲಿ ಪೆನ್ ಇಡೋಕೆ ಜಾಗ ಹುಡುಕೋ ಕೆಲಸ ಇನ್ನು ಬೇಡ.

ಬಳಸಿದ ಸೂಜಿಯನ್ನ ಗಟ್ಟಿ ಡಬ್ಬಿಗೆ ಹಾಕಿ ಮನೆಗೇ ತಂದೆ. ಎಲೆ ಎತ್ತೋರ ಕೈಗೆ ಚುಚ್ಚಬಾರದಲ್ಲ.