ಕೈಬರಹ ಕೆಟ್ಟಿದೆ, ಜೊಲ್ಲು ಸುರಿಯುತ್ತದೆ: ವಿಲ್ಸನ್ ಕಾಯಿಲೆ ಇರಬಹುದಾ?

ಪ್ರಶ್ನೆ: ತಂಗಿಯ ಮಗನಿಗೆ 13 ವರ್ಷ. ಹಿಂದೊಮ್ಮೆ ಕಾಮಾಲೆ ಬಂದು ಹೋಗಿತ್ತು. ಈಗ ಕೈಬರಹ ಹಾಳಾಗಿದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ. ತಂಗಿಯನ್ನು ಸೋದರಮಾವನಿಗೇ ಕೊಟ್ಟಿದ್ದು. ಡಾಕ್ಟರು ವಿಲ್ಸನ್ ಕಾಯಿಲೆಯ ಅನುಮಾನ ಹೇಳಿದ್ದಾರೆ. ನಿಮ್ಮ ಮನೆಗಳಲ್ಲಿ ಮೊದಲು ಏನು ಕಂಡಿತು?

ಒಬ್ಬ ತಾಯಿ: ನಮ್ಮ ಮಗಳಿಗೆ ಮೊದಲು ಬಂದಿದ್ದು ಸಿಟ್ಟು. ಓದಿನಲ್ಲಿ ಹಿಂದೆ ಬಿದ್ದಳು. ಶಾಲೆಯವರು ಸೋಮಾರಿತನ ಅಂದರು, ನೆಂಟರು ದೃಷ್ಟಿ ತೆಗೆಸಿ ಅಂದರು. ಆಮೇಲೆ ಲೋಟ ಹಿಡಿದರೆ ಕೈ ನಡುಗತೊಡಗಿತು. ಈ ಕಾಯಿಲೆಯಲ್ಲಿ ಲಿವರ್ ತಾಮ್ರವನ್ನು ಸರಿಯಾಗಿ ಹೊರಹಾಕುವುದಿಲ್ಲ. ಅದು ಮೊದಲು ಲಿವರ್‌ನಲ್ಲಿ, ನಂತರ ಮೆದುಳಿನಲ್ಲಿ, ಕಣ್ಣಿನಲ್ಲಿ ಕೂರುತ್ತದೆ. ಕಾಮಾಲೆ ತಾನಾಗಿ ಇಳಿಯುವುದೂ ಉಂಟು; ನಾಟಿ ಔಷಧಿಗೆ ಹೆಸರು ಬರುತ್ತದೆ, ಅಷ್ಟೇ. ಕಣ್ಣಿನ ಡಾಕ್ಟರ ಹತ್ತಿರ ಸ್ಲಿಟ್ ಲ್ಯಾಂಪ್ ಪರೀಕ್ಷೆ ಮಾಡಿಸಿ. ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಉಂಗುರ ಇದೆಯಾ ನೋಡುತ್ತಾರೆ. ನಡುಕ, ತೊದಲು ಶುರುವಾದವರಲ್ಲಿ ಅದು ಹೆಚ್ಚಾಗಿ ಇರುತ್ತದೆ. ಲಿವರ್ ತೊಂದರೆ ಮಾತ್ರ ಇದ್ದರೆ ಎಷ್ಟೋ ಜನರಲ್ಲಿ ಇರುವುದಿಲ್ಲ, ಹಾಗಾಗಿ ಉಂಗುರ ಇಲ್ಲ ಅಂತ ನಿರಾಳ ಆಗಬೇಡಿ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ (ತಾಮ್ರವನ್ನು ಹೊತ್ತೊಯ್ಯುವ ಪ್ರೋಟೀನ್), 24 ಗಂಟೆಯ ಮೂತ್ರದಲ್ಲಿ ತಾಮ್ರ, ಇವೆರಡನ್ನೂ ಕೇಳಿ. ಮೂತ್ರ ಹಿಡಿಯಲು ಲ್ಯಾಬಿನವರು ಕೊಟ್ಟ ಕ್ಯಾನನ್ನೇ ಬಳಸಿ.

ಒಬ್ಬ ಅಣ್ಣ: ನನ್ನ ತಮ್ಮನಿಗೆ ಮೊದಲು ಕಾಲು ಸೊಟ್ಟಗಾಯಿತು. ಮೂಳೆ ಡಾಕ್ಟರ ಹತ್ತಿರವೇ ಓಡಾಡಿದೆವು. ಮೂಳೆಯಿಂದ ಶುರುವಾಗುವುದು ಅಪರೂಪ, ಆದರೆ ಉಂಟು. ಅವನಿಗೆ ಖಚಿತವಾದ ಮೇಲೆ ನನಗೂ ಪರೀಕ್ಷೆ ಮಾಡಿದರು. ಯಾವ ಲಕ್ಷಣವೂ ಇರಲಿಲ್ಲ, ಆದರೂ ಕಾಯಿಲೆ ಇತ್ತು. ಆ ಹುಡುಗನಿಗೆ ಒಡಹುಟ್ಟಿದವರಿದ್ದರೆ ಅವರನ್ನೂ ತೋರಿಸಿ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ. ಇಬ್ಬರೂ ಅಂಥ ಒಂದೊಂದು ಜೀನ್ ಹೊತ್ತಿದ್ದರೆ ಪ್ರತಿ ಮಗುವಿಗೂ 25% ಸಾಧ್ಯತೆ. ಅಂದ ಹಾಗೆ, ನಮ್ಮ ತಂದೆ ತಾಯಿಯದು ಸಂಬಂಧದ ಮದುವೆ ಅಲ್ಲ, ಆದರೂ ಬಂತು. ಇದಕ್ಕೆ ನಿಮ್ಮ ತಂಗಿಯನ್ನು ಯಾರೂ ದೂರದಂತೆ ನೋಡಿಕೊಳ್ಳಿ.

ಒಬ್ಬ ತಂದೆ: ಗೊತ್ತಾದರೆ ಔಷಧಿ ಇದೆ, ಅದೇ ದೊಡ್ಡ ಸಮಾಧಾನ. ಮಗ ಪೆನಿಸಿಲಮೈನ್ (ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿಸುವ ಔಷಧಿ) ತೆಗೆದುಕೊಳ್ಳುತ್ತಾನೆ, ಖಾಲಿ ಹೊಟ್ಟೆಯಲ್ಲಿ, ಜೊತೆಗೆ ಬಿ6 ಮಾತ್ರೆ. ಕೆಲವರಿಗೆ ಜಿಂಕ್ ಕೊಡುತ್ತಾರೆ. ಶುರುವಿನಲ್ಲಿ ಕೆಲವರಿಗೆ ನಡುಕ ಜಾಸ್ತಿ ಆಗಬಹುದು. ಆಗ ನೀವೇ ಮಾತ್ರೆ ನಿಲ್ಲಿಸಬೇಡಿ, ತಕ್ಷಣ ಡಾಕ್ಟರಿಗೆ ಹೇಳಿ. ಹುಷಾರಾದ ಅಂತ ಬಿಡುವ ಹಾಗೂ ಇಲ್ಲ, ಇದು ಜೀವನಪೂರ್ತಿ. ತಾಮ್ರದ ಚೊಂಬಿನ ನೀರು ಬಿಡಿಸಿ. ಚಾಕೊಲೇಟ್, ಗೋಡಂಬಿ, ಅಣಬೆ, ಲಿವರ್, ಸೀಗಡಿ ಬೇಡ ಅಂದರು. ಸುಮ್ನೆ ಪಥ್ಯ ಮಾಡಿದರೆ ಸಾಲದು ಅಲ್ವಾ, ಔಷಧಿ ಬೇಕೇ ಬೇಕು.

ಅದೇ ತಾಯಿ ಮತ್ತೆ: ಒಂದು ಮಾತು ಬಿಟ್ಟುಹೋಯಿತು. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕಣ್ಣು ಮತ್ತೆ ಹಳದಿಯಾದರೆ, ಹೊಟ್ಟೆ ಊದಿಕೊಂಡರೆ, ಮಂಪರು ಬಂದರೆ ಕಾಯಬೇಡಿ. ಲಿವರ್ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಅದೇ ದಿನ ಕರೆದುಕೊಂಡು ಹೋಗಿ.