ವಿಟಮಿನ್ ಬಿ6 ಜಾಸ್ತಿಯಾಗಿ ಕಾಲು ಜೋಮು ಹಿಡಿದವರು ಯಾರಾದರೂ ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಕೆಲವು ತಿಂಗಳಿಂದ ಎರಡೂ ಪಾದಗಳಲ್ಲಿ ಜೋಮು, ಉರಿ. ರಾತ್ರಿ ಜಾಸ್ತಿ, ಹೊದಿಕೆ ತಾಗಿದರೂ ಸಹಿಸಲು ಆಗುವುದಿಲ್ಲ. ಶುಗರ್ ಇಲ್ಲ, ಥೈರಾಯ್ಡ್ ಸರಿಯಿದೆ, ಬಿ12 ಕೂಡ ನಾರ್ಮಲ್. ನರದ ದೌರ್ಬಲ್ಯ ಅಂತ ಡಾಕ್ಟರ್ ಒಂದು ಮಾತ್ರೆ ಬರೆದುಕೊಟ್ಟರು, ಅದರಿಂದ ಏನೂ ಕಡಿಮೆಯಾಗಲಿಲ್ಲ.

ಮೊನ್ನೆ ಸುಮ್ನೆ ಅಮ್ಮ ತೆಗೆದುಕೊಳ್ಳುವ ಮಾತ್ರೆಗಳ ಡಬ್ಬಿಗಳ ಹಿಂದೆ ಬರೆದಿರುವುದನ್ನು ಓದಿದೆ. ಮಲ್ಟಿವಿಟಮಿನ್‌ನಲ್ಲಿ ಬಿ6, ಮೆಗ್ನೀಸಿಯಮ್ ಮಾತ್ರೆಯಲ್ಲೂ ಬಿ6, ನರಕ್ಕೆಂದು ಕೊಟ್ಟಿದ್ದರಲ್ಲೂ ಅದೇ! ಎಲ್ಲ ಕೂಡಿಸಿದರೆ ದಿನಕ್ಕೆ 100 ಮಿಲಿಗ್ರಾಂ ದಾಟುತ್ತದೆ. ದೊಡ್ಡವರಿಗೆ ಬೇಕಿರುವುದು ದಿನಕ್ಕೆ 2 ಮಿಲಿಗ್ರಾಂಗಿಂತ ಕಡಿಮೆಯೋ ಅಷ್ಟೋ, ಯುರೋಪಿನಲ್ಲಂತೂ 2023ರಲ್ಲಿ ಗರಿಷ್ಠ ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿದ್ದಾರೆ. ಬಿ6 ಕಡಿಮೆಯಾದರೂ ನರಕ್ಕೆ ತೊಂದರೆ, ಜಾಸ್ತಿಯಾದರೂ ಹೀಗೇ ಜೋಮು ಬರುತ್ತದಂತೆ. ಜೊತೆಗೆ ಜಿಂಕ್ ಮಾತ್ರೆಯೂ ತೆಗೆದುಕೊಳ್ಳುತ್ತಿದ್ದಾರೆ. ಅದು ತುಂಬಾ ದಿನ ಜಾಸ್ತಿ ಹೋದರೆ ದೇಹದಲ್ಲಿ ತಾಮ್ರ ಕಡಿಮೆಯಾಗಿ ಅದರಿಂದಲೂ ನರ ಕೆಡಬಹುದು.

ನನಗೆ ಗೊಂದಲ ಇಲ್ಲೇ. ನರಕ್ಕೆ ಕೊಟ್ಟ ಮಾತ್ರೆಯನ್ನೇ ನಿಲ್ಲಿಸಿ ಅಂತ ಡಾಕ್ಟರ್ ಹತ್ತಿರ ಹೇಗೆ ಕೇಳುವುದು? ವಿಟಮಿನ್‌ನಿಂದ ಏನೂ ಆಗಲ್ಲ ಅಂತ ಒಮ್ಮೆ ಹೇಳಿಬಿಟ್ಟಿದ್ದಾರೆ. ಮುಂದಿನ ವಾರ ನರರೋಗ ತಜ್ಞರ ಹತ್ತಿರ ಹೋಗುತ್ತಿದ್ದೇವೆ, ಡಬ್ಬಿಗಳನ್ನೆಲ್ಲ ತೆಗೆದುಕೊಂಡೇ ಹೋಗುತ್ತೇವೆ.

ರಕ್ತದಲ್ಲಿ ಬಿ6, ತಾಮ್ರ, ಜಿಂಕ್ ಪರೀಕ್ಷೆ ಮಾಡಿಸಿದವರು ಇದ್ದರೆ ಹೇಳಿ, ಮಾತ್ರೆ ನಿಲ್ಲಿಸುವ ಮೊದಲೇ ಮಾಡಿಸಬೇಕಾ? ಬಿ6 ನಿಲ್ಲಿಸಿದ ಮೇಲೆ ಮೊದಲು ಜೋಮು ಜಾಸ್ತಿಯಾಗಿ ಆಮೇಲೆ ಕಡಿಮೆಯಾಯಿತಾ, ಎಷ್ಟು ತಿಂಗಳು ಹಿಡಿಯಿತು?