ರೋಮಿಯೋ ಜೂಲಿಯೆಟ್ ಓದುವ ಮಕ್ಕಳಿಗೆ ‘ಕಸಿನ್’ ಅಂದರೆ ಯಾರು ಅಂತ ಹೇಳಿಕೊಡಿ

ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು, ಮಗನಿಗೆ ಜಿಸಿಎಸ್‌ಇಗೆ (ಇಂಗ್ಲೆಂಡಿನಲ್ಲಿ ಹದಿನಾರರ ಹೊತ್ತಿಗೆ ಬರೆಯುವ ಪರೀಕ್ಷೆ) ಶೇಕ್ಸ್‌ಪಿಯರ್‌ನ ರೋಮಿಯೋ ಜೂಲಿಯೆಟ್ ನಾಟಕ ಇದೆ, ಆ ಹಳೇ ಇಂಗ್ಲಿಷ್ ನಮಗೇ ಬರಲ್ಲ, ಟ್ಯೂಷನ್ ಹಾಕಿಸಬೇಕಾ ಅಂತ. ನನ್ನ ಮಗಳೂ ಇಯರ್ ಟೆನ್, ಹದಿನಾಲ್ಕು-ಹದಿನೈದರ ಮಕ್ಕಳ ಕ್ಲಾಸು. ಟ್ಯೂಷನ್‌ಗಿಂತ ಮೊದಲು ಒಂದು ಸಂಜೆ ಜೊತೆಗೆ ಕೂತು ಓದಿ ನೋಡಿ. ನೆಂಟಸ್ತಿಕೆ ಬಗ್ಗೆ ನಮಗೆ ಗೊತ್ತಿರುವುದು ಅಲ್ಲಿ ತುಂಬ ಕೆಲಸಕ್ಕೆ ಬರುತ್ತದೆ.

ಕಥೆ ತಿರುಗುವುದು ಮೂರನೇ ಅಂಕದ ಮೊದಲ ದೃಶ್ಯದಲ್ಲಿ. ಅಲ್ಲಿಯವರೆಗೆ ತಮಾಷೆ, ಕುಣಿತ, ಪ್ರೀತಿಯೇ ಜಾಸ್ತಿ. ರೋಮಿಯೋ ಆಗಷ್ಟೇ ಹಗೆಯ ಮನೆತನದ ಜೂಲಿಯೆಟ್‌ಳನ್ನು ಗುಟ್ಟಾಗಿ ಮದುವೆಯಾಗಿ ಬಂದಿದ್ದಾನೆ. ವೆರೋನಾದ ಬೀದಿಯಲ್ಲಿ ಸುಡುವ ಬಿಸಿಲು. ಜೂಲಿಯೆಟ್ ಕಡೆಯ ಟಿಬಾಲ್ಟ್ ಬೈದು ಕೆಣಕಿದರೂ ರೋಮಿಯೋ ಕತ್ತಿ ತೆಗೆಯುವುದಿಲ್ಲ, ನಿನ್ನ ಮೇಲೆ ನನಗೆ ಪ್ರೀತಿ ಇದೆ ಅನ್ನುತ್ತಾನೆ, ಆದರೆ ಯಾಕೆ ಅಂತ ಹೇಳುವುದಿಲ್ಲ. ಗೆಳೆಯ ಮರ್ಕ್ಯೂಷಿಯೋಗೆ ಅದು ಹೇಡಿತನದ ಥರ ಕಾಣುತ್ತದೆ, ಅವನೇ ಕತ್ತಿ ಹಿಡಿಯುತ್ತಾನೆ. ರೋಮಿಯೋ ಬಿಡಿಸಲು ನಡುವೆ ಹೋದಾಗ ಅವನ ತೋಳಿನ ಕೆಳಗಿನಿಂದಲೇ ಟಿಬಾಲ್ಟ್ ಮರ್ಕ್ಯೂಷಿಯೋಗೆ ಚುಚ್ಚುತ್ತಾನೆ. ಮರ್ಕ್ಯೂಷಿಯೋ ಸತ್ತ ಸುದ್ದಿ ಬಂದ ಮೇಲೆ ರೋಮಿಯೋ ಟಿಬಾಲ್ಟ್‌ನನ್ನು ಕೊಲ್ಲುತ್ತಾನೆ. ರಾಜ ಅವನನ್ನು ಊರಿನಿಂದ ಗಡೀಪಾರು ಮಾಡುತ್ತಾನೆ.

ಮಗಳ ನೋಟ್ಸ್‌ನಲ್ಲಿ ‘ಟಿಬಾಲ್ಟ್, ಜೂಲಿಯೆಟ್‌ಳ ಕಸಿನ್’ ಅಂತ ಮಾತ್ರ ಇತ್ತು. ಇಲ್ಲಿ ಹುಟ್ಟಿದ ಮಕ್ಕಳಿಗೆ ಚಿಕ್ಕಪ್ಪನ ಮಗ, ಅತ್ತೆ ಮಗ, ಮಾವನ ಮಗ ಎಲ್ಲರೂ ಕಸಿನ್ನೇ ಅಲ್ವಾ. ಅದೇ ದೃಶ್ಯದಲ್ಲಿ ಜೂಲಿಯೆಟ್ ತಾಯಿ ಓಡಿ ಬಂದು, ಅಯ್ಯೋ ನನ್ನ ಅಣ್ಣನ ಮಗ ಅಂತ ಅಳುತ್ತಾಳೆ. ಅಣ್ಣನೋ ತಮ್ಮನೋ, ಇಂಗ್ಲಿಷ್‌ನಲ್ಲಿ ಗೊತ್ತಾಗುವುದಿಲ್ಲ. ಅಂದರೆ ಟಿಬಾಲ್ಟ್ ಜೂಲಿಯೆಟ್‌ಗೆ ಸೋದರಮಾವನ ಮಗ, ತಾಯಿಗೆ ತವರಿನ ಹುಡುಗ. ಮದುವೆಯಾದ ಕ್ಷಣದಿಂದ ರೋಮಿಯೋಗೆ ಹೆಂಡತಿ ಕಡೆಯ ನೆಂಟ. ಇಷ್ಟು ಹೇಳಿದ ಮೇಲೆ ಮಗಳು ಎರಡು ಸಲ ಆ ಪುಟ ಓದಿದಳು. ತಾಯಿ ರೋಮಿಯೋನ ಪ್ರಾಣವೇ ಬೇಕು ಅಂತ ರಾಜನ ಹತ್ತಿರ ಕೇಳುವುದು ಬರೀ ಮನೆತನದ ಹಗೆಗಲ್ಲ, ತವರಿನ ಸಂಕಟಕ್ಕೆ ಅಂತ ಅವಳೇ ಹೇಳಿದಳು.

ತಿರುವು ಮರ್ಕ್ಯೂಷಿಯೋ ಸಾವಿನಲ್ಲಿದೆ ಅಂತ ಕ್ಲಾಸಿನಲ್ಲಿ ಬರೆಸಿದ್ದಾರೆ. ಅದು ತಪ್ಪಲ್ಲ. ನನಗೆ ಮಾತ್ರ ಅದಕ್ಕೂ ಸ್ವಲ್ಪ ಮುಂಚೆ, ನಾವೀಗ ನೆಂಟರು ಅನ್ನುವ ಒಂದು ಮಾತು ರೋಮಿಯೋ ಬಾಯಲ್ಲೇ ಉಳಿದುಹೋಯಿತಲ್ಲ, ಅಲ್ಲಿ ಎಲ್ಲ ಕೈತಪ್ಪಿತು ಅನ್ನಿಸುತ್ತದೆ.

ಎಕ್ಯೂಎ ಬೋರ್ಡ್ ಆದರೆ ಪರೀಕ್ಷೆಯಲ್ಲಿ ಒಂದು ತುಣುಕು ಕೊಟ್ಟು ಅದರಿಂದ ಶುರುಮಾಡಿ ಇಡೀ ನಾಟಕದ ಬಗ್ಗೆ ಬರೆಯಲು ಹೇಳುತ್ತಾರೆ, ಪುಸ್ತಕ ನೋಡುವ ಹಾಗಿಲ್ಲ. ಹಾಗಾಗಿ ಯಾರು ಯಾರಿಗೆ ಏನಾಗಬೇಕು ಅನ್ನುವುದು ತಲೆಯಲ್ಲಿ ಕೂತಿದ್ದರೆ ಬರೆಯುವುದು ಸುಲಭ.

ಕೊನೆಗೆ ಮಗಳು ಕೇಳಿದಳು, ‘ಅಮ್ಮಾ, ಜೂಲಿಯೆಟ್ ಅವಳ ಅಮ್ಮನಿಗೆ ಹೇಳಬಹುದಿತ್ತಲ್ವಾ?’ ಅವಳಿಗೂ ಜೂಲಿಯೆಟ್‌ಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆ ಅಮ್ಮ ಆಗಲೇ ರೋಮಿಯೋನ ಪ್ರಾಣ ತೆಗೆಯಿರಿ ಅಂತ ರಾಜನ ಹತ್ತಿರ ಕೇಳಿಯಾಗಿತ್ತು ಕಂದ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನಗಾದರೆ ನಾನು ಹೇಳ್ತೀನಿ’ ಅಂದಳು. ಇನ್ನೂ ಎರಡು ಅಂಕ ಬಾಕಿ ಇವೆ, ಶನಿವಾರ ಮತ್ತೆ ಕೂರುತ್ತೇವೆ.